ಶುಕ್ತಿಯಲ್ಲಿ ರಜತ

ಚಿಪ್ಪನ್ನು ಕಂಡು ಬೆಳ್ಳಿಯೆಂದು ಭ್ರಮಿಸುವವನ ದೃಷ್ಟಾಂತವು ವೇದಾಂತವನ್ನು ಓದಿದವರಿಗೆಲ್ಲ ವಿದಿತವೇ. ಸಿಂಧನೂರು, ಲಿಂಗಸುಗೂರುಗಳ ಬಯಲುಸೀಮೆಯವರಾದ ನಮಗೆ ಚಿಪ್ಪಿನ ಪರಿಚಯವು ಬಹುಕಾಲ ಇಷ್ಟೇ ಆಗಿದ್ದಿತು. ಆದರೆ ನಮ್ಮ ನೆರೆಯ ಮಸ್ಕಿಯಲ್ಲಿ 1954ರಲ್ಲಿ ನೆಲವನ್ನು ಅಗೆದು ಶೋಧಿಸಿದಾಗ ದೊರೆತ ಪ್ರಾಚೀನ ವಸ್ತುಗಳಲ್ಲಿ ಚಿಪ್ಪಿನ ಆಭರಣಗಳೂ ಇದ್ದವು. ಕಡಲಿಗೆ ಇಷ್ಟು ದೂರವಾದ ಊರಿಗೆ ಅವು ಬರಬೇಕಾದರೆ, ಎಲ್ಲಿಯೋ ನೀರಿನಿಂದ ಚಿಪ್ಪನ್ನೆತ್ತಿದ ಕೈಯೊಂದಿರಬೇಕು; ಆ ಕೈಗೆ ಕಲಿಸಿದ ಹಿರಿಯ ಕೈ ಇನ್ನೊಂದಿರಬೇಕು.

ಅಂಥ ಕಲಿಕೆಯು ಉತ್ತರ ಕನ್ನಡದ ಕುಮಟಾ ಸೀಮೆಯಲ್ಲಿ, ಅಘನಾಶಿನಿಯು ಸಮುದ್ರವನ್ನು ಕೂಡುವ ಅಳಿವೆಯಲ್ಲಿ, ಇಂದಿಗೂ ಜೀವಂತವಾಗಿದೆ. ಅಲ್ಲಿ ಬೆಳಚು ಮೊದಲಾದ ಚಿಪ್ಪುಜೀವಿಗಳನ್ನು ಆರಿಸಿ ಬಾಳುವ ಮನೆಗಳು ಬಹಳ. ತಾಯಿಯೊಡನೆ ಕೆಸರಿಗಿಳಿದ ಮಗಳಿಗೆ ಮೊದಲನೆಯ ಪಾಠವು ಕಾಲಜ್ಞಾನ. ನೀರಿನ ಇಳಿತವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದು. ಅಮಾವಾಸ್ಯೆ ಹುಣ್ಣಿಮೆಗಳ ಸಮೀಪದಲ್ಲಿ ನೀರು ಮತ್ತಷ್ಟು ಹಿಂದೆ ಸರಿಯುವುದು. ಪಂಚಾಂಗವನ್ನು ಓದಲರಿಯದವಳೂ ತಿಥಿಯನ್ನು ತಪ್ಪುವುದಿಲ್ಲ. ಎರಡನೆಯದು ಸ್ಪರ್ಶಜ್ಞಾನ; ಕಣ್ಣಿಗೆ ಕಾಣದ ಚಿಪ್ಪನ್ನು ಅಂಗಾಲೂ ಬೆರಳೂ ಕಾಣಬೇಕು. ಮೂರನೆಯದು ಪಾಕಶಾಲೆಯದು: ತಂದುದನ್ನು ತಿಳಿಯಾದ ಉಪ್ಪುನೀರಿನಲ್ಲಿಟ್ಟು ಮರಳನ್ನು ಕಕ್ಕಿಸಬೇಕು, ಬೇಯಿಸಿದ ಮೇಲೂ ಬಾಯ್ತೆರೆಯದುದನ್ನು ಬಿಸುಡಬೇಕು. ಎಲ್ಲಕ್ಕೂ ಮಿಗಿಲಾದುದು ಸಂಯಮ. ಎಳೆಯದನ್ನು ನೀರಿಗೇ ಮರಳಿಸದಿದ್ದರೆ ಮುಂದಿನ ವರ್ಷದ ಬುಟ್ಟಿ ಬರಿದು.

ಇದು ಅಲ್ಪಜೀವನವೆನ್ನುವವರು ಲೆಕ್ಕವನ್ನು ನೋಡಲಿ. 2008ರ ಅಧ್ಯಯನವೊಂದರಂತೆ ಈ ಒಂದೇ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು ದೊರೆಯುತ್ತಿದ್ದವು. 2,000ಕ್ಕೂ ಮಿಕ್ಕ ಜನರು ಈ ಕಾಯಕದಲ್ಲಿದ್ದರು. 2024ರಲ್ಲಿ ಅಳಿವೆಯು ರಾಮ್ಸಾರ್ ಒಪ್ಪಂದದ ಜಲಪ್ರದೇಶಗಳ ಪಟ್ಟಿಗೂ ಸೇರಿತು. ಆದರೆ ಪಟ್ಟಿಯು ನೀರಿಗೆ ಗೌರವವನ್ನು ತರಬಲ್ಲುದೇ ಹೊರತು, ಮಗಳ ಪಾದಕ್ಕೆ ಪಾಠವನ್ನು ಕಲಿಸಲಾರದು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹೊಲಕ್ಕೆ ಹೋಗಿ ಶಾಲೆಗೆ ತಡವಾಗಿ ಬಂದ ಬಾಲಕರನ್ನು, “ಓದದಿದ್ದರೆ ಮಣ್ಣೇ ಗತಿ” ಎಂದು ಎಷ್ಟೋ ಸಲ ಗದರಿಸಿದೆವು. ಮಣ್ಣಿನ ಹದವನ್ನು ಮುಟ್ಟಿ ಹೇಳಬಲ್ಲ ಆ ಬಾಲಕರಲ್ಲಿಯೂ ವಿದ್ಯೆಯಿದ್ದಿತೆಂಬುದು ನಮಗೆ ಹೊಳೆಯಲಿಲ್ಲ. ಕರಾವಳಿಯಲ್ಲಿಯೂ ಉಪಾಧ್ಯಾಯರು ಹೀಗೆಯೇ ಗದರಿಸಿದರೆ, ಕೆಸರಿಗಿಳಿಯಲು ಮಗಳು ನಾಚುವಳು. ಕಲಿಸಲು ತಾಯಿಯೂ ಸಂಕೋಚಪಡುವಳು. ಒಂದು ತಲೆಮಾರು ಕಲಿಯದೆ ಹೋದರೆ ಇಂಥ ವಿದ್ಯೆಯನ್ನು ಯಾವ ಗ್ರಂಥದಿಂದಲೂ ಮರಳಿ ಪಡೆಯುವಂತಿಲ್ಲ.

ಮಕ್ಕಳು ಶಾಲೆಯನ್ನು ಬಿಡಲಿ ಎಂಬುದು ನಮ್ಮ ಅಭಿಪ್ರಾಯವಲ್ಲ. ರಜೆಯ ದಿನ ಹಿರಿಯರ ಬೆನ್ನುಹಿಡಿದು ಅವರ ಕೈಕೆಲಸವನ್ನು ಕಲಿಯಲಿ, ಇಷ್ಟೇ. ಚಿಪ್ಪನ್ನು ಬೆಳ್ಳಿಯೆಂದು ತಿಳಿಯುವುದು ಶಾಸ್ತ್ರದಲ್ಲಿ ಹೇಳಿದ ಭ್ರಾಂತಿ. ಮನೆಯಲ್ಲಿದ್ದ ಬೆಳ್ಳಿಯನ್ನು ಚಿಪ್ಪೆಂದು ಎಸೆಯುವುದು ನಮ್ಮದು.