ಬರಿದಾದ ನದಿಯ ಪಾತ್ರವು ಯಾರ ಸೊತ್ತು?

ಸ್ಪೇನ್ ದೇಶದ ಪೂರ್ವ ಕರಾವಳಿಯಲ್ಲಿರುವ ವಲೆನ್ಸಿಯಾ ನಗರದ ನಡುವೆ ಸುಮಾರು ೯ ಕಿಲೋಮೀಟರ್ ಉದ್ದದ ಒಂದು ಉದ್ಯಾನವುಂಟು. ಅದರ ಆಕಾರವು ಬಳುಕಿ ಹರಿಯುವ ನದಿಯದು. ಅದರ ಮೇಲೆ ಹಾದುಹೋಗುವ ಸೇತುವೆಗಳಲ್ಲಿ ಕೆಲವು ಶತಮಾನಗಳಷ್ಟು ಹಳೆಯವು. ಆದರೆ ಸೇತುವೆಗಳ ಕೆಳಗೆ ನದಿಯ ಪ್ರವಾಹವಿಲ್ಲ; ಕಿತ್ತಳೆಯ ಗಿಡಗಳು, ಆಟದ ಬಯಲುಗಳು, ಕಾಲುದಾರಿಗಳು ಇವೆ. ನದಿಯು ಎಲ್ಲಿಗೆ ಹೋಯಿತು, ಅದರ ಪಾತ್ರವು ಜನರ ಕೈಗೆ ಹೇಗೆ ಬಂದಿತು ಎಂಬ ವೃತ್ತಾಂತವು ನಗರಾಡಳಿತದಲ್ಲಿ ಆಸಕ್ತಿಯುಳ್ಳವರೆಲ್ಲರೂ ಅರಿಯತಕ್ಕದ್ದೆಂದು ನಾವು ಬಗೆಯುತ್ತೇವೆ.

೧೯೫೭ನೆಯ ಇಸವಿ ಅಕ್ಟೋಬರ್ ೧೪ರಂದು ತೂರಿಯಾ ನದಿಯು ಉಕ್ಕಿ ನಗರವನ್ನು ಮುಳುಗಿಸಿತು. ಎಂಬತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅದು ಸರ್ವಾಧಿಕಾರಿ ಫ್ರಾಂಕೋವಿನ ಕಾಲ. ರಾಜಧಾನಿಯಿಂದ ಬಂದ ನೆರವು ಸಾಲದೆಂದು ಬಾಯಿಬಿಟ್ಟು ಹೇಳಿದ ಮೇಯರ್ ತೋಮಾಸ್ ತ್ರೆನೋರ್ ಅವರೂ, 'ಲಾಸ್ ಪ್ರೊವಿನ್ಸಿಯಾಸ್' ಪತ್ರಿಕೆಯ ಸಂಪಾದಕ ಮಾರ್ತಿನ್ ದೊಮಿಂಗೆಸ್ ಅವರೂ ೧೯೫೮ರಲ್ಲಿ ತಮ್ಮ ಸ್ಥಾನಗಳನ್ನು ಕಳೆದುಕೊಂಡರು. ಆದರೂ ಅವರ ಕೂಗು ವ್ಯರ್ಥವಾಗಲಿಲ್ಲ. ನದಿಯನ್ನೇ ನಗರದ ದಕ್ಷಿಣಕ್ಕೆ ತಿರುಗಿಸಲು ಸರ್ಕಾರವು ನಿಶ್ಚಯಿಸಿತು. ಸೆಕೆಂಡಿಗೆ ೫,೦೦೦ ಘನಮೀಟರ್ ನೀರನ್ನು ಸಾಗಿಸಬಲ್ಲ, ಸುಮಾರು ೧೨ ಕಿಲೋಮೀಟರ್ ಉದ್ದದ ಹೊಸ ಕಾಲುವೆಯನ್ನು ಫಲವತ್ತಾದ ತೋಟಗಳ ನಡುವೆ ಅಗೆಯಲಾಯಿತು. ವೆಚ್ಚದ ಒಂದಂಶವನ್ನು ಪೌರರೇ ತೆತ್ತರು. ಅಲ್ಲಿಂದ ಹೊರಡುವ ಕಾಗದಗಳಿಗೆ ೨೫ ಸೆಂಟಿಮೊ ಬೆಲೆಯ ವಿಶೇಷ ಚೀಟಿಯನ್ನು ಅಂಟಿಸುವುದು ಕಡ್ಡಾಯವಾಗಿದ್ದಿತು.

ಹಳೆಯ ಪಾತ್ರವು ಬರಿದಾಯಿತು. ಬರಿದಾದ ನೆಲವನ್ನು ಕಂಡರೆ ಅಧಿಕಾರಕ್ಕೆ ಆಸೆ ಹುಟ್ಟುವುದು ಲೋಕರೂಢಿ. ಅಲ್ಲಿ ಬಂದರಿನವರೆಗೆ ಮೋಟಾರು ಹೆದ್ದಾರಿಯನ್ನು ಹಾಯಿಸಬೇಕೆಂಬ ನಕ್ಷೆಯು ಸಿದ್ಧವಾಗಿದ್ದಿತು. ಪೌರರು ಇದನ್ನು ಒಪ್ಪಲಿಲ್ಲ. ನದಿಯ ಪಾತ್ರವು ತಮ್ಮದು, ಅದು ಹಸಿರಾಗಿರಬೇಕು ಎಂದು ಎಪ್ಪತ್ತರ ದಶಕದಲ್ಲಿ ಚಳವಳಿ ಹೂಡಿದರು. ೧೯೭೫ರಲ್ಲಿ ಫ್ರಾಂಕೋ ತೀರಿಕೊಂಡನು. ಮರುವರ್ಷ ದೊರೆ ಹುವಾನ್ ಕಾರ್ಲೋಸರು ಆ ನೆಲವನ್ನು ನಗರಕ್ಕೆ ಒಪ್ಪಿಸಿಕೊಟ್ಟರು. ೧೯೭೯ರಲ್ಲಿ ಜನರಿಂದ ಚುನಾಯಿತವಾದ ನಗರಸಭೆಯು ಬಂದಿತು. ೧೯೮೨ರಲ್ಲಿ ವಾಸ್ತುಶಿಲ್ಪಿ ರಿಕಾರ್ಡೊ ಬೊಫಿಲ್ ಅವರು ಇಡೀ ಪಾತ್ರಕ್ಕೆ ಒಂದು ಯೋಜನೆಯನ್ನು ರಚಿಸಿಕೊಟ್ಟರು. ಅದನ್ನು ತುಂಡುತುಂಡಾಗಿ, ಬೇರೆ ಬೇರೆ ಕೈಗಳು ಪೂರೈಸಿದವು.

ಈ ರಚನೆಯ ಮುಖ್ಯ ಗುಣವು ಅಲಂಕಾರವಲ್ಲ. ಪಾತ್ರವು ಬೀದಿಗಳಿಗಿಂತ ತಗ್ಗಿನಲ್ಲಿದೆ. ವಾಹನಗಳು ಸೇತುವೆಗಳ ಮೇಲೆ ಹೋಗುತ್ತವೆ. ನಡೆಯುವವನು ಊರಿನ ಒಂದು ಮೂಲೆಯಿಂದ ಇನ್ನೊಂದರ ವರೆಗೆ ನೆಮ್ಮದಿಯಾಗಿ ಸಾಗಬಹುದು. ಉದ್ಯಾನದೊಳಕ್ಕೆ ಕಾಲಿಡಲು ಯಾರೂ ಶುಲ್ಕ ಕೊಡಬೇಕಾಗಿಲ್ಲ. ೧೯೯೦ರಲ್ಲಿ ಅಲ್ಲಿ ಮಲಗಿಸಿದ ಗಲಿವರನ ಮಹಾಪ್ರತಿಮೆಯ ಮೈಮೇಲೆ ಮಕ್ಕಳು ಹತ್ತಿ ಜಾರುತ್ತಾರೆ. ಸಮುದ್ರದ ಕಡೆಯ ತುದಿಯಲ್ಲಿ ಸಾಂತಿಯಾಗೊ ಕಲಾತ್ರಾವಾ ಅವರು ರಚಿಸಿದ ಬೆಳ್ಳನೆಯ ಭವ್ಯ ಕಟ್ಟಡಗಳಿವೆ. ಅಂದಾಜನ್ನು ಬಹಳವಾಗಿ ಮೀರಿದ ಅವುಗಳ ವೆಚ್ಚವು ಕಟುಟೀಕೆಗೆ ಗುರಿಯಾಯಿತು.

ಇಷ್ಟೇ ಆಗಿದ್ದರೆ ಇದು ಜಯದ ಕಥೆಯಾಗುತ್ತಿದ್ದಿತು. ೨೦೨೪ರಲ್ಲಿ ಐರೋಪ್ಯ ಒಕ್ಕೂಟವು ವಲೆನ್ಸಿಯಾವನ್ನು ಆ ವರ್ಷದ 'ಹಸಿರು ರಾಜಧಾನಿ'ಯೆಂದು ಗೌರವಿಸಿತು. ಅದೇ ವರ್ಷ ಅಕ್ಟೋಬರ್ ೨೯ರಂದು ಕುಂಭದ್ರೋಣ ಮಳೆ ಸುರಿಯಿತು. ತೂರಿಯಾದ ನೀರನ್ನು ಹೊಸ ಕಾಲುವೆಯು ಸಮುದ್ರಕ್ಕೆ ಸಾಗಿಸಿತು. ಹಳೆಯ ನಗರವೂ ಅದರ ಉದ್ಯಾನವೂ ಉಳಿದವು. ಆದರೆ ಕಾಲುವೆಯ ಆಚೆಗೆ, ಪೋಯೊ ಎಂಬ ಹಳ್ಳವು ಉಕ್ಕಿ ಪಾಯ್ಪೋರ್ತಾ ಮೊದಲಾದ ಊರುಗಳ ಮೇಲೆ ಹರಿಯಿತು. ಆ ಪ್ರಾಂತದಲ್ಲಿ ಸತ್ತವರು ೨೨೦ಕ್ಕೂ ಮೇಲ್ಪಟ್ಟು. ದೂರವಾಣಿಗಳಿಗೆ ಎಚ್ಚರಿಕೆಯು ತಲಪಿದ್ದು ರಾತ್ರಿ ಎಂಟು ಗಂಟೆ ಮೀರಿದ ಮೇಲೆ. ಆ ವೇಳೆಗೆ ಬೀದಿಗಳಲ್ಲಿ ನೀರು ನುಗ್ಗಿಯಾಗಿದ್ದಿತು.

ಹೊಸ ಕಾಲುವೆಯೇ ಈ ಅನರ್ಥಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಒಂದು ನದಿಗೆ ದೊರೆತ ಎಚ್ಚರವು ನೆರೆಯ ಹಳ್ಳಕ್ಕೆ ದೊರೆಯಲಿಲ್ಲವೆಂಬುದು ಸ್ಪಷ್ಟ. ಅದರ ನೆರೆಯನ್ನು ತಡೆಯುವ ಯೋಜನೆಗಳು ವರ್ಷಗಟ್ಟಲೆ ಕಾಗದದಲ್ಲಿಯೇ ಉಳಿದವು. ಈ ನಡುವೆ ತಗ್ಗು ನೆಲದಲ್ಲಿ ಮನೆಗಳೆದ್ದವು. ಉದ್ಯಾನವನ್ನು ಬೇಡಿ ಪಡೆದ ಪೌರರಲ್ಲಿ ದೋಷವಿಲ್ಲ. ನೀರಿನ ಹಾದಿಯನ್ನು ನಗರದ ಎಲ್ಲೆಯವರೆಗೆ ಮಾತ್ರ ಚಿಂತಿಸಿದ ಆಡಳಿತದಲ್ಲಿ ದೋಷವಿದೆ. ನೀರು ಪುರಸಭೆಗಳ ಗಡಿಕಲ್ಲುಗಳನ್ನು ಓದುವುದಿಲ್ಲ.

ಪ್ರವಾಹವಾದ ಮೂರನೆಯ ದಿನ, ಸಲಿಕೆ ಪೊರಕೆಗಳನ್ನು ಹೊತ್ತ ಸಾವಿರಾರು ನಗರವಾಸಿಗಳು ಆ ಕಾಲುವೆಯ ಮೇಲಿನ ಕಾಲುಸೇತುವೆಯನ್ನು ದಾಟಿ ಕೆಸರಿನಲ್ಲಿದ್ದ ನೆರೆಯವರ ಸಹಾಯಕ್ಕೆ ನಡೆದರು. ಕಾಲುವೆಯ ಎರಡು ದಡಗಳವರೂ ಒಂದೇ ಊರಿನವರೆಂಬ ಅರಿವು ಜನರಿಗೆ ಬಂದಿದೆ. ಅದು ಅಧಿಕಾರಿಗಳ ನಕ್ಷೆಗಳಿಗೂ ಬರಬೇಕು. ಸಾರ್ವಜನಿಕ ಸ್ಥಳವೆಂದರೆ ಹೂವಿನ ಮಡಿಗಳಷ್ಟೇ ಅಲ್ಲ. ಯಾರ ನೆಲವು ಒಣಗಿರಬೇಕು, ಯಾರದು ಮುಳುಗಬಹುದು ಎಂಬುದರ ನಿರ್ಣಯವೂ ಅದರಲ್ಲಿ ಅಡಗಿದೆ. ಆ ನಿರ್ಣಯವು ಎಲ್ಲರೆದುರಿನಲ್ಲಿ, ಎಲ್ಲರ ಸಮ್ಮತಿಯಿಂದ ಆಗತಕ್ಕದ್ದು.