ಅಜ್ಜಿಯ ಕಾಲಗಣನೆ

ನಮ್ಮ ಅಜ್ಜಿಯ ವಯಸ್ಸು ರೇಶನ್ ಕಾರ್ಡಿನಲ್ಲಿ ಒಂದು, ಮತದಾರರ ಯಾದಿಯಲ್ಲಿ ಇನ್ನೊಂದು, ಔಷಧದ ಚೀಟಿಯಲ್ಲಿ ಮತ್ತೊಂದು ಇತ್ತು. ೧೯೮೯ರ ಶ್ರಾವಣದಲ್ಲಿ ಆಕೆ ತೀರಿಕೊಂಡಾಗ ಮರಣದ ದಾಖಲೆಗಾಗಿ ಸರಿಯಾದ ವಯಸ್ಸು ಬೇಕಾಯಿತು. ತಂದೆಯವರಿಗೂ ಅದು ಗೊತ್ತಿರಲಿಲ್ಲ. ಆದರೆ ಅಜ್ಜಿಯ ಬಾಯಿಂದ ನೂರಾರು ಸಲ ಕೇಳಿದ ಮಾತುಗಳು ನಮ್ಮಲ್ಲಿದ್ದವು. ನಾವು ನಾಲ್ವರು ಮೊಮ್ಮಕ್ಕಳು ಅವನ್ನು ಜೋಡಿಸಿ ಲೆಕ್ಕ ಹಾಕಿದೆವು. ಎಪ್ಪತ್ತೊಂದು ಎಂದು ಬಂತು, ಹಾಗೆಯೇ ಬರೆಸಿದೆವು.

ಅಜ್ಜಿಗೆ ಇಸವಿಗಳು ತಿಳಿಯುತ್ತಿರಲಿಲ್ಲವೆಂದಲ್ಲ, ಬೇಕಾಗಿರಲಿಲ್ಲ. ಆಕೆಯದು ಸಂವತ್ಸರದ ಲೆಕ್ಕ. ಅರವತ್ತು ಹೆಸರುಗಳೂ ಬಾಯಿಪಾಠ. ಪ್ರತಿಯೊಂದಕ್ಕೂ ಗುರುತಿಗೆಂದು ಒಂದು ಸಂಗತಿ ಅಂಟಿಕೊಂಡಿರುತ್ತಿತ್ತು. ತಾನು ಹುಟ್ಟಿದ್ದು ಪಿಂಗಳ ಸಂವತ್ಸರದ ಫಾಲ್ಗುಣದಲ್ಲಿ, ‘ದೊಡ್ಡ ಜಡ್ಡಿ’ನ ಹೊತ್ತಿಗೆ ತಾನು ಕೂಡಿಸಿದರೆ ಕೂಡುವ ಕೂಸು ಎನ್ನುತ್ತಿದ್ದಳು. ಆ ದೊಡ್ಡ ಜಡ್ಡೆಂದರೆ ೧೯೧೮ರ ಇನ್‌ಫ್ಲುಯೆಂಜಾ. ಜೂನಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಅದು ರೈಲು ಹಿಡಿದು ಊರೂರು ಸೇರಿ, ದಸರೆಯ ಸುಮಾರಿಗೆ ಇಡೀ ಮುಂಬಯಿ ಇಲಾಖೆಯನ್ನು ಮಲಗಿಸಿತು. ದೇಶದಲ್ಲಿ ಒಂದು ಕೋಟಿಗಿಂತ ಹೆಚ್ಚು ಜನ ಸತ್ತರು. ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಸತ್ತವರ ಪೈಕಿ ಅಜ್ಜಿಯ ತಾಯಿಯೂ ಒಬ್ಬಳು. ತಾಯಿಯ ಮುಖ ಆಕೆಗೆ ನೆನಪಿರುವುದು ಸಾಧ್ಯವಿರಲಿಲ್ಲ. ಫೋಟೋ ಅಂತೂ ಇಲ್ಲವೇ ಇಲ್ಲ.

ಸಾಕಿದವಳು ಸೋದರತ್ತೆ. ೧೯೨೪ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನವಾಯಿತಷ್ಟೆ. ಅದನ್ನು ನೋಡಲು ಹೋದ ಅಜ್ಜಿಯ ತಂದೆ ಬರುವಾಗ ಮಗಳಿಗೊಂದು ಪಾಟಿ ತಂದರು. ‘ಕಾಂಗ್ರೆಸ್ಸಿನ ಪಾಟಿ’ ಎಂದೇ ಅದರ ಹೆಸರು. ಅದನ್ನು ಹಿಡಿದುಕೊಂಡು ಆಕೆ ಊರ ಕನ್ನಡ ಸಾಲಿಗೆ ಹೋದಳು. ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರತಿ ಆಗಬೇಕೆಂಬುದು ಆಕೆಯ ಆಸೆ. ಆಗಿನ ಕಾಲಕ್ಕೆ ಏಳನೆಯ ಇಯತ್ತೆಯ ಮುಲ್ಕಿ ಎಂದರೆ ಸಣ್ಣ ಮಾತಲ್ಲ. ಅದಾದವರಿಗೆ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಗುತ್ತಿತ್ತು.

ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಶಾರದಾ ಕಾಯಿದೆಯ ಸುದ್ದಿ ಹಬ್ಬಿತು. ಹದಿನಾಲ್ಕು ತುಂಬದ ಹುಡುಗಿಯ ಮದುವೆ ಮಾಡಿದರೆ ಶಿಕ್ಷೆ ಎಂಬ ಈ ಕಾಯಿದೆ ೧೯೨೯ರಲ್ಲಿ ಪಾಸಾಗಿ, ೧೯೩೦ರ ಏಪ್ರಿಲ್ ೧ರಿಂದ ಜಾರಿಗೆ ಬರುವುದಿತ್ತು. ನಡುವೆ ಆರು ತಿಂಗಳು ದೊರೆತದ್ದೇ ದೊರೆತದ್ದು, ದೇಶದ ತುಂಬ ಮದುವೆಗಳ ಸುಗ್ಗಿಯಾಯಿತು. ಎಳೆಯ ಮಕ್ಕಳನ್ನು ಉಳಿಸಲು ಮಾಡಿದ ಕಾಯಿದೆ, ಬರುವ ಮೊದಲೇ ಸಾವಿರಾರು ಎಳೆಯರನ್ನು ಹಸೆಗೇರಿಸಿತು. ಶುಕ್ಲ ಸಂವತ್ಸರದ ಮಾಘದಲ್ಲಿ, ಹನ್ನೆರಡು ತುಂಬುವ ಮೊದಲು, ನಮ್ಮ ಅಜ್ಜಿಯ ಮದುವೆಯೂ ಆಯಿತು. ಪಾಟಿ ತವರಿನಲ್ಲಿ ಉಳಿಯಿತು.

“ಆ ಶಾರದಾಬಾಯಿ ಇನ್ನೊಂದೆರಡು ವರ್ಷ ಮೊದಲ ಬಂದಿದ್ರ ನಾನು ಮುಲ್ಕಿ ಪಾಸಾಗ್ತಿದ್ದೆ” ಎಂದು ಆಕೆ ಹೇಳುತ್ತಿದ್ದಳು. ಕಾಯಿದೆ ಮಾಡಿದವಳು ಶಾರದಾಬಾಯಿ ಎಂಬ ಹೆಣ್ಣುಮಗಳೆಂದೇ ಆಕೆಯ ತಿಳುವಳಿಕೆ. ಹೈಸ್ಕೂಲಿನಲ್ಲಿ ಇತಿಹಾಸ ಓದುವಾಗ ನಮಗೆ ನಿಜ ತಿಳಿಯಿತು. ಆತ ಹರಬಿಲಾಸ ಸಾರ್ಡಾ, ಅಜಮೇರಿನ ಗಂಡಸು ಎಂದು ಓಡಿ ಬಂದು ಹೇಳಿದೆವು. ಅಜ್ಜಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಗಂಡಸೇನು? ಹಂಗಿದ್ರ ತಡಾ ಆಗಿದ್ದು ಖರೇನ ಬಿಡು.”

ಅತ್ತೆಯ ಮನೆಯ ಕಾಲು ಶತಮಾನದ ಬಗ್ಗೆ ಆಕೆ ಹೆಚ್ಚು ಹೇಳಲಿಲ್ಲ. ಐದು ಹೆತ್ತು ಇಬ್ಬರನ್ನು ಉಳಿಸಿಕೊಂಡಳು. ಅಜ್ಜ ತೀರಿದ ಮೇಲೆ, ಮುಂಬಯಿಯಲ್ಲಿ ನೌಕರಿಯಲ್ಲಿದ್ದ ಮಗನ ಕಡೆಗೆ ಬಂದಳು. ಅದು ೧೯೫೭, ಹೇವಿಳಂಬಿ ಸಂವತ್ಸರ. ಹಿಂದಿನ ವರ್ಷ ನವೆಂಬರ್ ೧ಕ್ಕೆ ರಾಜ್ಯಗಳ ಪುನರ್ರಚನೆಯಾಗಿ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ್ದವು. “ನಮ್ಮೂರು ಮುಂಬೈ ಬಿಡ್ತು, ನಾ ಮುಂಬೈಗೆ ಬಂದೆ” ಎಂದು ಅಜ್ಜಿ ನಗುತ್ತಿದ್ದಳು. ಪುಣೆಯವರೆಗೆ ಮೀಟರ್ ಗೇಜಿನ ಸಣ್ಣ ಗಾಡಿ. ಅಲ್ಲಿ ಇಳಿದು ದೊಡ್ಡ ಗಾಡಿ ಹಿಡಿಯಬೇಕು. ಬೀಸುವ ಕಲ್ಲನ್ನೂ ತಂದಿದ್ದಳು. ಪುಣೆಯ ಹಮಾಲ ಅದನ್ನೆತ್ತಿ ಏನೆಂದನೆಂಬುದನ್ನು ಮರಾಠಿ ಬಾರದ ಆಕೆ ಬಹುದಿನ ನಮ್ಮ ತಾಯಿಯನ್ನು ಕೇಳುತ್ತಿದ್ದಳು, ತಾಯಿ ಹೇಳುತ್ತಿರಲಿಲ್ಲ.

ಅದೇ ೧೯೫೭ರ ಏಪ್ರಿಲ್ ೧ಕ್ಕೆ ನಯೇ ಪೈಸೆ ಬಂದಿತ್ತು. ಹದಿನಾರು ಆಣೆಯ ರೂಪಾಯಿ ನೂರು ಪೈಸೆಯಾಯಿತು. ಸರಕಾರದ ಕೋಷ್ಟಕದಲ್ಲಿ ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಓದಿದವರೇ ತಡವರಿಸುತ್ತಿದ್ದ ದಿನಗಳವು. ಅಜ್ಜಿ ಹದಿನೈದು ದಿನ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಪೇಟೆಗೆ ಹೋದಾಗ ಒಂದಾಣೆಯ ಕೊತ್ತಂಬರಿ ಕೊಂಡು ಆರು ಪೈಸೆ ಕೊಟ್ಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಒಂದಾಣೆಯ ಮೆಣಸಿನಕಾಯಿ, ಮತ್ತೆ ತಿರುಗಿ ಬಂದು ಒಂದಾಣೆಯ ಲಿಂಬೆ. ಒಟ್ಟು ಹದಿನೆಂಟು! ಒಮ್ಮೆಗೇ ಕೊಂಡಿದ್ದರೆ ಹತ್ತೊಂಬತ್ತು ಕೊಡಬೇಕಿತ್ತು. ಒಂದು ಪೈಸೆ ಉಳಿಯಿತು. ಆ ಪೈಸೆಗಳನ್ನು ಕೂಡಿಸಿ ಏನು ತಂದಳೆಂದರೆ, ನಮ್ಮ ದೊಡ್ಡಣ್ಣನಿಗೊಂದು ಪಾಟಿ.

ನಮ್ಮ ಶಾಲೆ ಮರಾಠಿಯದು. ಕನ್ನಡ ಅಕ್ಷರಗಳನ್ನು ನಾವು ಕಲಿತದ್ದು ಒಲೆಯ ಮುಂದೆ, ಆಕೆಯ ಮುಂದೆ. ತನಗೆ ಬರುತ್ತಿದ್ದುದು ನಾಲ್ಕು ಇಯತ್ತೆಯ ವಿದ್ಯೆ. ಅದನ್ನು ಒಂದು ಅಕ್ಷರವೂ ಉಳಿಯದಂತೆ ನಮಗೆ ದಾಟಿಸಿದಳು. ಮೇ ತಿಂಗಳ ಸೂಟಿಯಲ್ಲಿ ‘ಮುಲ್ಕಿ’ ನಡೆಯುತ್ತಿತ್ತು. ಬರವಣಿಗೆ, ಮಗ್ಗಿ, ಬಾಯಿಲೆಕ್ಕ, ಸಂವತ್ಸರಗಳ ಹೆಸರು. ಪಾಸಾದವರಿಗೆ ಊರಿಂದ ಯಾರಾದರೂ ತಂದ ಗೋಕಾಕದ ಕರದಂಟು. ನಪಾಸಾದವರಿಗೂ ಕರದಂಟೇ, ಆದರೆ ಮರುದಿನ.

ನಾವು ಹುಟ್ಟಿದ್ದೂ ಆಕೆಯ ಲೆಕ್ಕದಲ್ಲಿ ಸೇರಿತು. ಎರಡನೆಯವಳು ‘ಪಾನಶೇತ ಒಡೆದ ವರ್ಷದವಳು’. ೧೯೬೧ರ ಜುಲೈ ೧೨ರಂದು ಆ ಅಣೆಕಟ್ಟು ಒಡೆದು ಪುಣೆಯಲ್ಲಿ ನೀರು ನುಗ್ಗಿದಾಗ ಚಿಕ್ಕಪ್ಪನ ಮನೆಯ ಸುದ್ದಿಯಿಲ್ಲದೆ ಅಜ್ಜಿ ಎರಡು ದಿನ ಊಟ ಬಿಟ್ಟಿದ್ದಳು. ಕಿರಿಯವನು ‘ಕೋಯ್ನಾದವನು’. ೧೯೬೭ರ ಡಿಸೆಂಬರ್ ೧೧ರ ನಸುಕಿನ ಭೂಕಂಪ ಮುಂಬಯಿಯನ್ನೂ ಅಲುಗಿಸಿ, ದೀಪಗಳನ್ನೂ ಆರಿಸಿತು. ಎಂದಿನಂತೆ ಆಗಲೇ ಎದ್ದಿದ್ದ ಅಜ್ಜಿ ಕತ್ತಲಲ್ಲಿ ಮೊದಲು ಹುಡುಕಿದ್ದು ಬಸುರಿ ಸೊಸೆಯ ಕೈ. ೧೯೭೨ರ ಬರಗಾಲಕ್ಕಂತೂ ‘ಮಿಲೋ’ ಎಂದೇ ಹೆಸರು. ರೇಶನ್ ಅಂಗಡಿಯಲ್ಲಿ ಕೊಡುತ್ತಿದ್ದ ಹೊರದೇಶದ ಆ ಕೆಂಪು ಜೋಳ ಎಷ್ಟು ಬಿಸಿನೀರು ಹಾಕಿ ನಾದಿದರೂ ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತಿತ್ತು. ಬಿರಿದ ರೊಟ್ಟಿಯನ್ನೆಲ್ಲ ತನ್ನ ತಾಟಿಗೆ ಹಾಕಿಕೊಳ್ಳುತ್ತಿದ್ದಳು.

೧೯೭೭ರ ಯುಗಾದಿಗೆ ಪಿಂಗಳ ಮರಳಿ ಬಂತು. ಮನೆಯಲ್ಲಿ ಏನಾದರೂ ಮಾಡೋಣವೆಂದರೆ ಅಜ್ಜಿ ಒಪ್ಪಲಿಲ್ಲ. ಅರವತ್ತರ ಶಾಂತಿಯೆಲ್ಲ ಗಂಡಸರಿಗೆ ಎಂದಳು. ೧೯೮೯ರಲ್ಲಿ ಶುಕ್ಲ ಮರಳಿದಾಗ ಮಾತ್ರ ತಾನಾಗಿಯೇ, “ನನ್ನ ಸಾಲಿ ಬಿಡಿಸಿದ ವರ್ಷ ಬಂತು” ಎಂದಳು. ಮದುವೆಯ ವರ್ಷ ಎನ್ನಲಿಲ್ಲ.

ನಮ್ಮ ಮನೆಯ ಈಗಿನ ಕಿರಿಯವಳು ಹುಟ್ಟಿದ್ದು ೨೦೨೦ರಲ್ಲಿ, ಶಾರ್ವರಿ ಸಂವತ್ಸರದಲ್ಲಿ, ಮುಂಬಯಿ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ. ನೀನು ದೊಡ್ಡ ಜಡ್ಡಿನ ವರ್ಷದವಳು ಎಂದು ಹೇಳಿಕೊಟ್ಟಿದ್ದೇವೆ. ಶಾಲೆಯಲ್ಲಿ ವಯಸ್ಸು ಕೇಳಿದರೂ ಅದನ್ನೇ ಹೇಳುತ್ತಾಳಂತೆ. ಸಂವತ್ಸರಗಳ ಹೆಸರು ಇಪ್ಪತ್ತರವರೆಗೆ ಬರುತ್ತವೆ. ಮೇ ಸೂಟಿಗೆ ಇನ್ನೂ ಎರಡು ತಿಂಗಳಿದೆ.