ಗರ್ಭಕೋಶದ ವಿರಳ ಸೌಮ್ಯಗಡ್ಡೆಗಳು ಮತ್ತು ಅವುಗಳ ನಿದಾನ

ತುಂಗಾ ಭದ್ರಾ ನದಿಗಳ ಸೀಮೆಯಾದ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ ತೋಟ, ಕಾಫಿ ತೋಟ, ಕೊಟ್ಟಿಗೆ, ಅಡುಗೆಮನೆಗಳ ದುಡಿಮೆಯ ದೊಡ್ಡ ಪಾಲು ಹೆಂಗಸರದು. ತಿಂಗಳ ಸ್ರಾವ ಮಿತಿಮೀರಿದರೂ ಅದನ್ನು 'ಉಷ್ಣ'ವೆಂದು ಬಗೆದು ಕಷಾಯ ಕುಡಿದು ಸಹಿಸುವವರು ಅನೇಕರು. ಮುಖ ಬಿಳಿಚಿ, ಏರು ಹತ್ತುವಾಗ ಉಸಿರು ಕಟ್ಟುವಷ್ಟು ರಕ್ತಹೀನತೆ ಬಂದ ಮೇಲೆಯೇ ವೈದ್ಯರ ಬಳಿಗೆ ಹೋಗುವುದುಂಟು. ಆಗ ಕೇಳಿಬರುವ ಮಾತು, 'ಗರ್ಭಕೋಶದಲ್ಲಿ ಗಡ್ಡೆಯಿದೆ' ಎಂಬುದು. ಗಡ್ಡೆಯೆಂದೊಡನೆ ಮನೆಯವರ ಮನಸ್ಸು ಕ್ಯಾನ್ಸರಿನತ್ತ ಹರಿಯುತ್ತದೆ. ಆದರೆ ಗರ್ಭಕೋಶದ ಗಡ್ಡೆಗಳಲ್ಲಿ ಬಹುಪಾಲು ಸೌಮ್ಯವಾದವು.

ಇವುಗಳಲ್ಲಿ ಸರ್ವಸಾಮಾನ್ಯವಾದುದು ನಯಸ್ನಾಯುವಿನಿಂದ ಬೆಳೆಯುವ ಫೈಬ್ರಾಯ್ಡ್ ಅಥವಾ ನಾರುಗಡ್ಡೆ. ಇದರ ಪರಿಚಯ ಜನರಿಗೆ ಉಂಟು. ಇದರ ವೇಷದಲ್ಲಿಯೇ ಕಾಣಿಸಿಕೊಳ್ಳುವ ಕೆಲವು ವಿರಳ ಗಡ್ಡೆಗಳು ಮಾತ್ರ ವೈದ್ಯರನ್ನೂ ಚಿಂತೆಗೆ ಹಚ್ಚುತ್ತವೆ.

ಲೈಪೋಲಿಯೋಮಯೋಮದಲ್ಲಿ ಸ್ನಾಯುವಿನ ಜೊತೆಗೆ ಕೊಬ್ಬು ಬೆರೆತಿರುತ್ತದೆ. ಹೆಚ್ಚಾಗಿ ಮುಟ್ಟು ನಿಂತವರಲ್ಲಿ ಕಾಣುತ್ತದೆ. ಅಡಿನೊಮಟಾಯ್ಡ್ ಗಡ್ಡೆಯು ಉದರದ ಒಳಪೊರೆಯ ಜಾತಿಯ ಕೋಶಗಳಿಂದ ಹುಟ್ಟುವಂಥದು. ಅದಕ್ಕೆ ಈ ಹೆಸರು ಬಂದುದು 1945ರಲ್ಲಿ. ಬೇರೆ ಕಾರಣಕ್ಕೆ ತೆಗೆದ ಗರ್ಭಕೋಶದಲ್ಲಿ ಅದು ಆಕಸ್ಮಿಕವಾಗಿ ದೊರೆಯುವುದೇ ಹೆಚ್ಚು. ಕಾಟಿಲೆಡನಾಯ್ಡ್ ಲಿಯೋಮಯೋಮವು ಮಾಸು ಅಥವಾ ಕಸದಂತೆ ಗೊಂಚಲುಗೊಂಚಲಾಗಿ ಹೊರಚಾಚುವುದರಿಂದ ಕಣ್ಣಿಗೆ ಭಯಂಕರವಾಗಿ ತೋರಿದರೂ ಸ್ವಭಾವದಲ್ಲಿ ಸೌಮ್ಯ. ಇದಕ್ಕೆ ವ್ಯತಿರಿಕ್ತವಾಗಿ, ಸಿರೆಯೊಳಗಿನ ಲಿಯೋಮಯೋಮಟೋಸಿಸ್ ಸೂಕ್ಷ್ಮದರ್ಶಕದಡಿ ಸೌಮ್ಯವಾಗಿಯೇ ಕಂಡರೂ ರಕ್ತನಾಳದೊಳಗೆ ಬಳ್ಳಿಯಂತೆ ಹಬ್ಬಿ, ಅಪರೂಪಕ್ಕೆ ಹೃದಯದವರೆಗೂ ತಲುಪಬಲ್ಲದು. ನೋಟ ಒಂದು, ನಡತೆ ಇನ್ನೊಂದು ಎಂಬುದಕ್ಕೆ ಇವೆರಡೂ ನಿದರ್ಶನಗಳು.

ನಿದಾನದ ಮೊದಲ ಮೆಟ್ಟಿಲು ರೋಗಿಯ ಮಾತು. ಸ್ರಾವ ಎಂದಿನಿಂದ ಹೆಚ್ಚಿತು, ಎಷ್ಟು ದಿನ ನಿಲ್ಲುತ್ತದೆ, ಹೊಟ್ಟೆ ಭಾರವೇ, ಮೂತ್ರಕ್ಕೆ ತೊಂದರೆಯೇ ಎಂಬುದನ್ನು ಸಂಕೋಚವಿಲ್ಲದೆ ತಿಳಿಸಬೇಕು. ಬಳಿಕ ವೈದ್ಯರ ಹಸ್ತಪರೀಕ್ಷೆ, ರಕ್ತಪರೀಕ್ಷೆ, ಅಲ್ಟ್ರಾಸೌಂಡ್. ಗಡ್ಡೆಯ ಸ್ಥಾನ, ಗಾತ್ರ, ಸಂಖ್ಯೆಗಳನ್ನು ಅಲ್ಟ್ರಾಸೌಂಡ್ ತಿಳಿಸುತ್ತದೆ. ಚಿತ್ರ ಅಸಾಮಾನ್ಯವಾಗಿದ್ದರೆ ಎಂ.ಆರ್.ಐ. ಪರೀಕ್ಷೆ ಸಹಕಾರಿ, ಕೊಬ್ಬಿನ ಅಂಶವನ್ನೂ ಸಿರೆಯೊಳಗಿನ ಹಬ್ಬುವಿಕೆಯನ್ನೂ ಅದು ತೋರಿಸಬಲ್ಲದು. ಸಿರೆಯ ಸಂಶಯವಿದ್ದರೆ ಹೃದಯದ ಎಕೋ ಪರೀಕ್ಷೆಯೂ ಅವಶ್ಯ.

ಆದರೆ ಯಾವ ಚಿತ್ರವೂ ಕೊನೆಯ ತೀರ್ಪಲ್ಲ. ಆ ತೀರ್ಪು ರೋಗಶಾಸ್ತ್ರಜ್ಞರ ಸೂಕ್ಷ್ಮದರ್ಶಕದಡಿ ಆಗತಕ್ಕದ್ದು. ಕೋಶಗಳ ರೂಪ, ಅವು ವಿಭಜನೆಗೊಳ್ಳುವ ವೇಗ, ಅಂಗಾಂಶ ಸತ್ತಿರುವ ಬಗೆ, ಗಡ್ಡೆಯ ಅಂಚು ಇವುಗಳನ್ನು ಅವರು ಪರಿಶೀಲಿಸುತ್ತಾರೆ. ಸಂಶಯ ಉಳಿದರೆ ವಿಶೇಷ ಬಣ್ಣಗಾರಿಕೆ ನೆರವಿಗೆ ಬರುತ್ತದೆ: ಸ್ನಾಯುಜನ್ಯವಾದುದು ಡೆಸ್ಮಿನ್‌ಗೆ, ಅಡಿನೊಮಟಾಯ್ಡ್ ಗಡ್ಡೆ ಕ್ಯಾಲ್‌ರೆಟಿನಿನ್‌ಗೆ ಸಾಮಾನ್ಯವಾಗಿ ಸ್ಪಂದಿಸುತ್ತವೆ. ಗರ್ಭಕೋಶದ ಒಳಪದರದ ಸ್ಟ್ರೋಮಲ್ ಗಂಟು ಸೌಮ್ಯವೋ ಅಲ್ಲವೋ ಎಂಬುದು ಅದರ ಅಂಚಿನಿಂದಲೇ ನಿಶ್ಚಯವಾಗುವುದರಿಂದ, ಕೆರೆದು ತೆಗೆದ ಚೂರಿನಿಂದ ಅದನ್ನು ನಿರ್ಣಯಿಸಲಾಗದು. ಆದ್ದರಿಂದ ತೆಗೆದ ಗಡ್ಡೆಯನ್ನು ತಪ್ಪದೆ ಪರೀಕ್ಷೆಗೆ ಕಳುಹಿಸಬೇಕು. ಗಡ್ಡೆಯನ್ನು ಹೊಟ್ಟೆಯೊಳಗೇ ಯಂತ್ರದಿಂದ ಚೂರುಮಾಡಿದರೆ ಅಡಗಿದ್ದ ಕ್ಯಾನ್ಸರ್ ಹರಡೀತೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2014ರಲ್ಲಿ ಎಚ್ಚರಿಸಿತು.

ಇಲ್ಲಿ ಎರಡು ತಪ್ಪುಗಳಿಗೆ ಎಡೆಯುಂಟು. ಒಂದು ಅಲಕ್ಷ್ಯ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಅಥವಾ ಆಗ ಗಡ್ಡೆ ಬೆಳೆಯತೊಡಗಿದರೆ, ಒಂದು ದಿನವೂ ತಡಮಾಡಬಾರದು. ಇನ್ನೊಂದು ಆತುರ. ಗಡ್ಡೆಯೆಂಬ ಭಯಕ್ಕೇ ಗರ್ಭಕೋಶವನ್ನು ತೆಗೆಸಿಬಿಡುವುದು ವಿವೇಕವಲ್ಲ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಮಹಿಳೆಯರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಯಿತೆಂಬ ದೂರುಗಳು ನಾಡನ್ನೇ ಕಲಕಿದವು. ಇಂಥದನ್ನು ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಜಾರಿಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ರಾಜ್ಯಗಳಿಗೆ ಆದೇಶಿಸಿತು. ಅಂಡಾಶಯವನ್ನೂ ಅಕಾಲದಲ್ಲಿ ತೆಗೆದರೆ ಮೂಳೆ ಸವೆತ, ಹೃದ್ರೋಗಗಳ ಭಯ ಹೆಚ್ಚುತ್ತದೆ.

ಈ ಮೂರು ತಾಲ್ಲೂಕುಗಳವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯ ಬಿದ್ದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗುವುದು ವಾಡಿಕೆ. ಮಳೆಗಾಲದಲ್ಲಿ ಆ ಪಯಣ ಸುಲಭವಲ್ಲ. ಆದಕಾರಣ ಸ್ಕ್ಯಾನಿಂಗ್ ಚಿತ್ರ, ರೋಗಶಾಸ್ತ್ರದ ವರದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಬೇಕೆನಿಸಿದರೆ ಗಾಜಿನ ಸ್ಲೈಡುಗಳನ್ನೇ ಕೇಳಿ ಪಡೆದು ಎರಡನೆಯ ತಜ್ಞರ ಅಭಿಪ್ರಾಯ ತಿಳಿಯಬಹುದು.

ಶರಣರು ರಜಸ್ಸೂತಕವೂ ಸೇರಿದಂತೆ ಪಂಚಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲಿಯೇ ತಳ್ಳಿಹಾಕಿದರು. ಹೆಣ್ಣಿನ ದೇಹಧರ್ಮದಲ್ಲಿ ಮೈಲಿಗೆಯಿಲ್ಲವೆಂದು ಸಾರಿದ ಪರಂಪರೆಯ ಮನೆಗಳಲ್ಲಿ ತಾಯಿ, ಅಕ್ಕ, ಮಗಳು ತಮ್ಮ ಬಾಧೆಯನ್ನು ಹೇಳಿಕೊಳ್ಳಲು ನಾಚಬೇಕಾದುದಿಲ್ಲ. ಬಾಯಿಬಿಟ್ಟು ಹೇಳಿದ ಆ ಮಾತೇ ಸರಿಯಾದ ನಿದಾನದ ಆರಂಭ.